ತೀರ್ಪೇ ಇಲ್ಲದ ಗೆಲುವು

ಕೆಲಸಕ್ಕೆ ಸೇರಿದ ಮೊದಲ ದಿನ ಎಚ್‌ಆರ್‌ನವರು ಮುಂದಿಟ್ಟ ಗೋಪ್ಯತೆಯ ಒಪ್ಪಂದಕ್ಕೆ ಓದದೇ ಸಹಿ ಹಾಕಿದವನು ನಾನು. ನೀವೂ ಅಷ್ಟೇ ಬಿಡಿ. ಗ್ಯಾವಿನ್ ಹುಡ್ ನಿರ್ದೇಶನದ 'ಅಫಿಷಿಯಲ್ ಸೀಕ್ರೆಟ್ಸ್' (2019) ನೋಡುವಾಗ ಆ ಸಹಿ ನೆನಪಾಯ್ತು.

ಇದು ನಡೆದ ಕಥೆ. ಕ್ಯಾಥರೀನ್ ಗನ್ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಚೀನೀ ಭಾಷೆಯ ಅನುವಾದಕಿ. 2003ರ ಜನವರಿ ಕೊನೆಗೆ ಅಮೆರಿಕದ ಎನ್‌ಎಸ್‌ಎಯಿಂದ ಇಮೇಲ್ ಬರುತ್ತೆ. ಇರಾಕ್ ಯುದ್ಧಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮತ ಬೇಕು. ಅಂಗೋಲಾ, ಚಿಲಿಯಂಥ ದೇಶಗಳ ಪ್ರತಿನಿಧಿಗಳ ಮಾತು ಕದ್ದು ಕೇಳೋಕೆ ಕೈಜೋಡಿಸಿ ಅಂತ. ಆಕೆ ಅದನ್ನು ಪ್ರಿಂಟ್ ತೆಗೆದು ಹೊರಗೆ ದಾಟಿಸ್ತಾಳೆ. ಮಾರ್ಚ್ 2ಕ್ಕೆ 'ಅಬ್ಸರ್ವರ್' ಪತ್ರಿಕೆಯಲ್ಲಿ ಬಂತು.

ನಮ್ಮ ಕಸುಬಿನವರಿಗೆ ಇಷ್ಟವಾಗೋದು ಮುಂದಿನ ಭಾಗ. ಪತ್ರಿಕೆಯ ಕಚೇರಿಯಲ್ಲಿ ಯಾರೋ ಆ ಇಮೇಲಿನ ಅಮೆರಿಕನ್ ಸ್ಪೆಲಿಂಗನ್ನು ಬ್ರಿಟಿಷ್ ಸ್ಪೆಲಿಂಗ್ ಮಾಡಿಬಿಡ್ತಾರೆ. ಅಮೆರಿಕದವರು ಹೀಗೆ ಬರೀತಾರಾ, ಇದು ನಕಲಿ ಅಂತ ಗುಲ್ಲೆದ್ದಿತು. ಯುದ್ಧ ನಿಲ್ಲಿಸಬೇಕಿದ್ದ ಕಾಗದವನ್ನು ಒಂದು ಸ್ಪೆಲ್ ಚೆಕ್ ಕೆಡವಿತು! ಆ ದೃಶ್ಯದಲ್ಲಿ ಹೊಟ್ಟೆ ತೊಳೆಸಿದ ಹಾಗಾಯ್ತು. ನೈಟ್ಲಿಯ ನಟನೆಯೂ ಚೆನ್ನ, ಹೀರೋಯಿನ್ ಗತ್ತಿಲ್ಲದೆ ಹೆದರಿಕೊಂಡೇ ಇರ್ತಾಳೆ.

ನನ್ನ ತಕರಾರು ಕೊನೆಯ ಭಾಗದ ಬಗ್ಗೆ. 1984ರಲ್ಲಿ ಕ್ಲೈವ್ ಪಾಂಟಿಂಗ್ ಅನ್ನೋ ಅಧಿಕಾರಿ 'ಬೆಲ್‌ಗ್ರಾನೊ' ಹಡಗು ಮುಳುಗಿಸಿದ ವಿಷಯದ ಕಾಗದಗಳನ್ನು ಸಂಸದರೊಬ್ಬರಿಗೆ ಕೊಟ್ಟಿದ್ದ. ನ್ಯಾಯಾಧೀಶರ ಮಾತು ಅವನಿಗೆ ವಿರುದ್ಧವಾಗಿದ್ದರೂ ಜ್ಯೂರಿ ಬಿಟ್ಟಿತು. ಸರ್ಕಾರ ಏನು ಮಾಡ್ತು? 1989ರಲ್ಲಿ ಹೊಸ ಕಾಯ್ದೆ ತಂದು, ಜನರ ಹಿತಕ್ಕಾಗಿ ಹೇಳಿದೆ ಅನ್ನೋ ಸಮರ್ಥನೆಗೇ ಬಾಗಿಲು ಹಾಕಿತು. ಗನ್ ಮೇಲೆ ಹಾಕಿದ್ದು ಅದೇ ಕಾಯ್ದೆ. ಆಕೆಯ ವಕೀಲರು ಬೇರೆ ದಾರಿ ಹುಡುಕಿದರು: ಜೀವ ಉಳಿಸೋಕೆ ಅನಿವಾರ್ಯವಾಗಿ ಮಾಡಿದ್ದು ಅಂತ. ಅದಕ್ಕಾಗಿ, ಯುದ್ಧ ಕಾನೂನುಬದ್ಧವೇ ಎಂದು ಅಟಾರ್ನಿ ಜನರಲ್ ಕೊಟ್ಟ ಸಲಹೆಯ ಕಾಗದ ಕೇಳಿದರು. 2004ರ ಫೆಬ್ರುವರಿ 25ರಂದು ಸರ್ಕಾರಿ ವಕೀಲರು ಸಾಕ್ಷ್ಯವನ್ನೇ ಮುಂದಿಡದೆ ಕೈಚೆಲ್ಲಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಯ್ತು.

ಸಿನಿಮಾ ಇದನ್ನು ಗೆಲುವು ಅಂತ ತೋರಿಸಿ ನಮ್ಮನ್ನು ಹಗುರ ಮಾಡಿ ಕಳಿಸುತ್ತೆ. ಆಕೆ ಬಿಡುಗಡೆಯಾದಳು, ನಿಜ. ಆದರೆ ಆ ಸಮರ್ಥನೆ ನಿಲ್ಲುತ್ತೋ ಇಲ್ಲವೋ ಅನ್ನೋದನ್ನು ಯಾವ ಕೋರ್ಟೂ ಹೇಳಲಿಲ್ಲ. ಅದನ್ನು ಹೇಳಿಸದೇ ಇರೋದಕ್ಕೇ ಸರ್ಕಾರ ಹಿಂದೆ ಸರೀತು ಅಂತ ನನ್ನ ಲೆಕ್ಕ. ಮುಂದೆ ಇನ್ನೊಬ್ಬಳು ಪ್ರಿಂಟ್ ತೆಗೆದರೆ ಅವಳಿಗೂ ಅದೇ ಕಾಯ್ದೆ. 2023ರಲ್ಲಿ ಬ್ರಿಟನ್ ರಾಷ್ಟ್ರೀಯ ಭದ್ರತೆಯ ಹೊಸ ಕಾನೂನು ತಂದಾಗಲೂ 1989ರದ್ದನ್ನು ಮುಟ್ಟದೆ ಉಳಿಸಿಕೊಂಡಿತು.

ಅವರು ಕೈಬಿಟ್ಟ ಹಳೇ ಕಲಮಿನ ತದ್ರೂಪು ನಮ್ಮಲ್ಲಿ ಇನ್ನೂ ಇದೆ: 1923ರ ಅಧಿಕೃತ ರಹಸ್ಯ ಕಾಯ್ದೆಯ 5ನೇ ಕಲಮು. ಕೊಟ್ಟವನೂ ತಪ್ಪಿತಸ್ಥ, ತಗೊಂಡವನೂ ತಪ್ಪಿತಸ್ಥ. ಮಾಹಿತಿ ಹಕ್ಕು ಕಾಯ್ದೆಯ 8(2) ಇದೆಯಲ್ಲ ಅಂತೀರಾ? ಅದು ಅರ್ಜಿ ಹಾಕಿ ಕೇಳುವವನಿಗೆ. ಕದ್ದು ಹೇಳುವವನನ್ನು ಕಾಯಲ್ಲ. ತಮಾಷೆ ಅಂದ್ರೆ ರಹಸ್ಯ ಅಂದರೇನು ಅನ್ನೋ ವ್ಯಾಖ್ಯಾನವೇ ಆ ಕಾಯ್ದೆಯಲ್ಲಿಲ್ಲ. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪ ನಮ್ಮ ಹೊಲದ ನಕ್ಷೆ ಕೇಳೋಕೆ ಹೋಗಿ, 'ಅದೆಲ್ಲ ಗುಟ್ಟಿಂದು ಕಣಪ್ಪ' ಅನ್ನಿಸಿಕೊಂಡು ವಾಪಸ್ ಬಂದಿದ್ರು.