'ಸಪ್ತಪರ್ಣ' ಶಬ್ದದ ಅರ್ಥವಿಚಾರ

ಅಮರಕೋಶದ ವನೌಷಧಿವರ್ಗವು ಸಪ್ತಪರ್ಣವೃಕ್ಷಕ್ಕೆ ಕೊಡುವ ಪರ್ಯಾಯನಾಮಗಳಲ್ಲಿ 'ವಿಷಮಚ್ಛದ'ವೂ ಒಂದು. ಮೊದಲನೆಯದಕ್ಕೆ ಏಳೆಲೆಯುಳ್ಳುದೆಂದೂ ಎರಡನೆಯದಕ್ಕೆ ಬೆಸಸಂಖ್ಯೆಯ ಎಲೆಯುಳ್ಳುದೆಂದೂ ಅರ್ಥ ಹೇಳಿ ಮುಂದೆ ಸಾಗುವುದು ಬೋಧಕರ ರೂಢಿ. ಪದವಿಭಾಗದಲ್ಲಿ ದೋಷವೇನೂ ಇಲ್ಲ. ಆದರೆ ಮರವನ್ನು ಕಂಡವನಿಗೆ ಈ ಅರ್ಥವು ಸಾಲದು. ಕನ್ನಡದ ಹಾಲೆಯೂ ತುಳುವಿನ ಪಾಲೆಯೂ ಇದೇ ಮರ. ಇದರ ಗೆಣ್ಣೊಂದರಲ್ಲಿ ಏಳು ಎಲೆಗಳಿರುವುದುಂಟು. ನಾಲ್ಕು ಅಥವಾ ಆರು ಇರುವುದೂ ಉಂಟು. ಆದುದರಿಂದ ಏಳೆಂಬುದೂ ಬೆಸವೆಂಬುದೂ ನಿಯತಲಕ್ಷಣಗಳಲ್ಲ.

ಹೆಸರಿಟ್ಟವರ ಕಣ್ಣಿಗೆ ಬಿದ್ದುದು ಎಣಿಕೆಗಿಂತ ಹೆಚ್ಚಾಗಿ ಜೋಡಣೆಯೆಂದು ತೋರುವುದು. ಒಂದೇ ಗೆಣ್ಣಿನ ಸುತ್ತ ಹಲವು ಎಲೆಗಳು ಚಕ್ರಾಕಾರವಾಗಿ ಹೊರಡುವುದು ಮರಗಳಲ್ಲಿ ಅಪರೂಪ. ಅರಳಿಯಲ್ಲಿ ಗೆಣ್ಣಿಗೊಂದರಂತೆ ಪರ್ಯಾಯವಾಗಿ, ಎಕ್ಕದಲ್ಲಿ ಎರಡೆರಡಾಗಿ ಎದುರುಬದುರು, ಒಂದು ಜೋಡಿ ಕೆಳಗಿನದಕ್ಕೆ ಅಡ್ಡಲಾಗಿ. ಇಲ್ಲಿ ಇನ್ನೊಂದು ಭ್ರಮೆಗೂ ಎಡೆಯುಂಟು. ಬೂರುಗದಲ್ಲಿಯೂ ಐದರಿಂದ ಏಳು 'ಎಲೆ'ಗಳು ಬೆರಳುಗಳಂತೆ ಹರಡಿರುವುವು. ಆದರೆ ಅವೆಲ್ಲ ಒಂದೇ ತೊಟ್ಟಿನ ತುದಿಯಲ್ಲಿ ಕೂಡಿದ ಒಂದೇ ಎಲೆಯ ಭಾಗಗಳು. ಪರೀಕ್ಷೆ ಸುಲಭ: ಮೊಗ್ಗು ಹುಟ್ಟುವುದು ನಿಜವಾದ ಎಲೆಯ ಕಂಕುಳಲ್ಲಿ, ಎಸಳಿನ ಬುಡದಲ್ಲಲ್ಲ. ಕಣಗಿಲೆಯ ಗೆಣ್ಣಿನ ಮೂರೂ ಎಲೆಗಳೇ. ಬಿಲ್ವದ ಮೂರು ದಳಗಳು ಮಾತ್ರ. ಮೂರು ದಳದ ಒಂದು ಪತ್ರೆಯೆನ್ನುವ ಪೂಜಾಪರಿಭಾಷೆಯು ಈ ಭೇದವನ್ನು ಚೆನ್ನಾಗಿ ಕಾಪಾಡಿಕೊಂಡಿದೆ. ಎರಡನ್ನೂ 'ಎಲೆ'ಯೆಂದೇ ಅನುವಾದಿಸುವ ಟಿಪ್ಪಣಿಗಳು ಅದನ್ನು ಕೆಡಿಸುತ್ತವೆ.

ರಘುವಂಶದ ನಾಲ್ಕನೆಯ ಸರ್ಗದಲ್ಲಿ ಶರತ್ಕಾಲದ ಸಪ್ತಪರ್ಣದ ಹೂಗಂಪು ಆನೆಯ ಮದಗಂಧಕ್ಕೆ ಸಾಟಿಯಾಗಿ ಬರುವುದರಿಂದ, ತರಗತಿಗಳಲ್ಲಿ ವಿವರಣೆಯೆಲ್ಲ ಹೂವಿಗೇ ಸಲ್ಲುವುದು ಸಹಜ. ಎಲೆಯ ಮಾತು ಕೇವಲ ಪಾಂಡಿತ್ಯದ್ದೆಂದು ತಳ್ಳಿಹಾಕುವವರು ತುಳುನಾಡಿನ ಆಟಿ ಅಮಾವಾಸ್ಯೆಯನ್ನು ನೆನೆಯಬೇಕು. ಅಂದು ಬೆಳಕು ಹರಿಯುವ ಮುನ್ನ ಪಾಲೆಯ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುವರು. ಅದೇ ಪ್ರದೇಶದಲ್ಲಿ ಬೆಳೆಯುವ ಕಾಸರಕನ ತೊಗಟೆಯಲ್ಲಿಯೋ ಬೀಜದಲ್ಲಿರುವಂತೆಯೇ ಸ್ಟ್ರಿಕ್ನೀನ್ ವಿಷವುಂಟು. ಕತ್ತಲಲ್ಲಿ ಒಂದನ್ನು ಇನ್ನೊಂದೆಂದು ತಿಳಿದರೆ ಪ್ರಾಣಕ್ಕೇ ಕುತ್ತು. ಗೀರಿದರೆ ಹಾಲು ಸುರಿಸುವುದು ಪಾಲೆ. ಎಲೆಯ ಗುರುತೂ ಅಷ್ಟೇ ಸ್ಪಷ್ಟ: ಪಾಲೆಯದು ಚಕ್ರದ ಜೋಡಣೆ, ಕಾಸರಕನಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು ನಿಲ್ಲುವುವು.