ಮಕ್ಕಳ ಗಾಯನವೃಂದ: ನಿಯಮ ಯಾರಿಗೆ?



ನಮ್ಮ ಕೆಲವು ಧರ್ಮಕೇಂದ್ರಗಳಲ್ಲಿ ಮಕ್ಕಳ ಗಾಯನವೃಂದಕ್ಕೆ ಲಿಖಿತ ನಿಯಮಾವಳಿಯೇ ಇರುತ್ತದೆ. ಅಭ್ಯಾಸಕ್ಕೆ ವೇಳೆಗೆ ಸರಿಯಾಗಿ ಬರಬೇಕು, ಹಾಡಿನ ಪುಸ್ತಕ ತರಬೇಕು, ಬಲಿಪೂಜೆಯ ಸಮಯದಲ್ಲಿ ಪಿಸುಮಾತು ಕೂಡದು, ಕಾರಣವಿಲ್ಲದೆ ಗೈರುಹಾಜರಾದವರು ಹಬ್ಬದ ದಿನ ಹಾಡುವಂತಿಲ್ಲ. ಶಿಸ್ತು ಬೇಕು, ಸಂದೇಹವಿಲ್ಲ. ಆದರೆ ನಿಧಾನಿಸಿ ಓದಿದರೆ ಒಂದು ಕೊರತೆ ಕಾಣುತ್ತದೆ: ಹೊರೆಯೆಲ್ಲವೂ ಮಗುವಿನ ಹೆಗಲ ಮೇಲಿದೆ. ಎಂಟು ವರ್ಷದ ಮಗು ತಡವಾಗಿ ಬಂದರೆ ತಪ್ಪು ಯಾರದು? ಸ್ಕೂಟರಿನ ಕೀಲಿಕೈ ಅದರ ಬಳಿ ಇರುವುದಿಲ್ಲವಲ್ಲ!

ಧರ್ಮಸಭೆಯ ಬೋಧನೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತು ಹೊರಡಿಸಿದ ಸಂವಿಧಾನವು, ಗಾಯನವೃಂದದವರು ನಿಜವಾದ ಆರಾಧನಾ ಸೇವೆಯನ್ನೇ ಸಲ್ಲಿಸುತ್ತಾರೆಂದು ಹೇಳುತ್ತದೆ. 1967ರ 'ಮೂಸಿಕಾಮ್ ಸಾಕ್ರಾಮ್' ಎಂಬ ನಿರ್ದೇಶನವು ಅವರಿಗೆ ಸಂಗೀತದ ಜೊತೆಗೆ ಆಧ್ಯಾತ್ಮಿಕ ಶಿಕ್ಷಣವೂ ದೊರೆಯಬೇಕೆನ್ನುತ್ತದೆ. ಭಕ್ತಜನರನ್ನು ಮೌನವಾಗಿಸಿ ಹಾಡೆಲ್ಲವನ್ನೂ ವೃಂದಕ್ಕೇ ಒಪ್ಪಿಸುವ ಪದ್ಧತಿಯನ್ನು ಅದು ಒಪ್ಪುವುದಿಲ್ಲ. ಹೀಗಿರುವಾಗ ನಮ್ಮ ನಿಯಮಗಳಲ್ಲಿ ಸೇವೆಗೆ ಸಂಬಂಧಿಸಿದವು ಎಷ್ಟು, ಪ್ರದರ್ಶನಕ್ಕೆ ಸಂಬಂಧಿಸಿದವು ಎಷ್ಟು?

ಹೆತ್ತವರ ನಡವಳಿಕೆಯನ್ನೇ ನೋಡಿ. ಒಂದು ಚರಣವನ್ನು ಒಂಟಿಯಾಗಿ ಹಾಡುವ ಅವಕಾಶ ತಮ್ಮ ಮಗಳಿಗೆ ಸಿಗಲಿಲ್ಲವೆಂದು ದೇವಾಲಯದ ಅಂಗಳದಲ್ಲೇ ಶಿಕ್ಷಕರನ್ನು ತರಾಟೆಗೆ ತೆಗೆದುಕೊಳ್ಳುವವರಿದ್ದಾರೆ. ಕ್ರಿಸ್ತಜಯಂತಿಯ ರಾತ್ರಿ ಮೊಬೈಲ್ ಹಿಡಿದು ಪೀಠಕ್ಕೆ ಅಡ್ಡ ನಿಲ್ಲುವವರಿದ್ದಾರೆ. ಪೀಠದ ಕಡೆಗಿರಬೇಕಾದ ಮಗುವಿನ ಕಣ್ಣು ಆಗ ಅಪ್ಪನ ಕೈಯಲ್ಲಿರುವ ಮೊಬೈಲಿನ ಕಡೆಗೆ ಹೊರಳುತ್ತದೆ. ದೇವಾಲಯ ವೇದಿಕೆಯೆಂದೂ ಪಕ್ಕದ ಗೆಳತಿ ಪ್ರತಿಸ್ಪರ್ಧಿಯೆಂದೂ ಆ ಮಗು ಕಲಿಯುತ್ತದೆ. ಇದನ್ನು ಅದಕ್ಕೆ ಕಲಿಸಿದವರು ನಾವೇ.

ಶಿಕ್ಷಕರಿಗೂ ಧರ್ಮಗುರುಗಳಿಗೂ ನಿಯಮ ಬೇಡವೇ? ಶ್ರುತಿ ಸೇರದ ಮಗುವಿಗೆ "ನೀನು ಬಾಯಿ ಆಡಿಸಿದರೆ ಸಾಕು" ಎಂದು ಹೇಳುವುದುಂಟು. ಹಾಡು ಸೊಗಸಾಗಬೇಕೆಂಬ ಕಾಳಜಿ ನ್ಯಾಯವಾದುದೇ. ಆದರೆ ಪ್ರಾರ್ಥನೆಯಲ್ಲಿ ನಟಿಸುವಂತೆ ಮಗುವಿಗೆ ಹೇಳಿಕೊಡುವುದು ಯಾವ ಶಿಕ್ಷಣ? ಆ ಮಗುವನ್ನು ಸ್ವರ ಗಟ್ಟಿಯಿರುವವರ ಪಕ್ಕದಲ್ಲಿ ನಿಲ್ಲಿಸಿ, ಕೇಳಿಸಿಕೊಳ್ಳುತ್ತಾ ಮೆಲ್ಲಗೆ ಹಾಡುವುದನ್ನು ಕಲಿಸಬಹುದು. ಇದಕ್ಕೆ ತಾಳ್ಮೆ ಬೇಕು, ಅಷ್ಟೇ. ಹಾಗೆಯೇ ಅಭ್ಯಾಸದ ವೇಳೆ ಇಬ್ಬರಾದರೂ ಹಿರಿಯರು ಜೊತೆಗಿರಬೇಕು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಇದು ಕನಿಷ್ಠ ನಿಯಮ.

ಆದುದರಿಂದ ನಿಯಮಾವಳಿಗೆ ಹೆತ್ತವರ ಪುಟವೊಂದು ಸೇರಲಿ. ಮಗುವನ್ನು ವೇಳೆಗೆ ಕರೆತಂದು ವೇಳೆಗೆ ಕರೆದೊಯ್ಯುತ್ತೇವೆ. ಅಸಮಾಧಾನವಿದ್ದರೆ ಮಗುವಿನ ಮುಂದೆ ಆಡದೆ ಶಿಕ್ಷಕರೊಡನೆ ಏಕಾಂತದಲ್ಲಿ ಮಾತನಾಡುತ್ತೇವೆ. ಪರೀಕ್ಷೆಯ ನೆಪದಲ್ಲಿ ತಿಂಗಳುಗಟ್ಟಲೆ ಬಿಡಿಸುವುದಿಲ್ಲ. ಕೊನೆಯದಾಗಿ, ಬಲಿಪೂಜೆಯಲ್ಲಿ ನಾವೂ ಬಾಯಿ ತೆರೆದು ಹಾಡುತ್ತೇವೆ.

ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ಮುಂದಿನ ಭಾನುವಾರ ಮಕ್ಕಳು ಹಾಡತೊಡಗಿದಾಗ ಮೊಬೈಲನ್ನು ಜೇಬಿನಲ್ಲಿಟ್ಟು, ಪುಸ್ತಕ ತೆರೆದು, ಅವರೊಡನೆ ದನಿಗೂಡಿಸಿ ನೋಡಿ.