ಕಪ್ಪಿಗೆ ನಾಲ್ಕು ಜಾವ

ಈ ವಾರ ಸೀಗೆಪುಡಿಯ ಸರದಿ ಎಂದು ಹಿಂದಿನ ಅಂಕಣದಲ್ಲಿ ಮಾತು ಕೊಟ್ಟಿದ್ದೆ. ಸೀಗೆ ಒಂದು ವಾರ ಕಾದರೆ ಕೆಡುವುದಿಲ್ಲ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನೆಲೆಸಿರುವ ಬಳ್ಳಾರಿ ಕಡೆಯ ಓದುಗರೊಬ್ಬರ ಪತ್ರ ಅದಕ್ಕಿಂತ ಅವಸರದ್ದು. "ಸ್ವಾಮೀ, ನೀವು ಬರೆದಂತೆಯೇ ಮದರಂಗಿ ಹಚ್ಚಿದೆ. ತಲೆ ಕ್ಯಾರೆಟ್ ಬಣ್ಣಕ್ಕೆ ತಿರುಗಿದೆ. ಮಗಳ ನಿಶ್ಚಿತಾರ್ಥ ಹತ್ತಿರ ಬಂತು. ಬೆಸೆಂಟ್ ರಸ್ತೆಯಲ್ಲಿ ಕಪ್ಪು ಮೆಹೆಂದಿ ಸಿಗುತ್ತದೆ, ಅರ್ಧ ಗಂಟೆ ಸಾಕಂತೆ. ತಗೊಳ್ಳಲೇ?"

ಬೇಡ. ಕಾರಣ ಆಮೇಲೆ. ಮೊದಲು ಆ ಕ್ಯಾರೆಟ್ಟಿನ ವಿಚಾರ. ಮದರಂಗಿ ಎಲೆಯ ಬಣ್ಣವೆಲ್ಲ ಲಾಸೋನ್ ಎಂಬ ವಸ್ತುವಿನದು, ಅದು ಕಿತ್ತಳೆಗೆಂಪು. ಕೂದಲಿನ ಕೆರಾಟಿನ್ನಿಗೆ ಅಂಟಿದರೆ ಸುಲಭಕ್ಕೆ ಬಿಡದು, ಆದರೆ ಕೆಳಗಿನ ಬಣ್ಣವನ್ನು ಮುಚ್ಚುವುದೂ ಇಲ್ಲ. ಕಪ್ಪು ಕೂದಲ ಮೇಲೆ ಬಿಸಿಲಿಗಷ್ಟೇ ಕಾಣುವ ಕೆಂಪು ಛಾಯೆ, ಬಿಳಿ ಕೂದಲ ಮೇಲೆ ನೇರ ಕಿತ್ತಳೆ. ಎರಡು ದಿನ ಗಾಳಿಯಾಡಿದರೆ ಅದೇ ಕಿತ್ತಳೆ ಇಟ್ಟಿಗೆಗೆಂಪಿಗೆ ಇಳಿಯುತ್ತದೆ. ತೊಳೆದ ದಿನವೇ ಕನ್ನಡಿ ನೋಡಿ ಪತ್ರ ಬರೆಯಬಾರದು. ಆಷಾಢದಲ್ಲಿ ಕೈತುಂಬ ಗೋರಿಂಟಾಕು ಇಟ್ಟುಕೊಳ್ಳುವ ಆ ಊರಿನ ಹೆಂಗಸರನ್ನು ಕೇಳಿ, ಹೇಳುತ್ತಾರೆ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಧಾರವಾಡದ ಮಾಗಿಯಲ್ಲಿ ರಾತ್ರಿಯಿಡೀ ನೆನೆಯಬೇಕಾದ ಹಿಟ್ಟು, ಜನ ಬ್ಲೇಜ್‌ವಾಡ ಎಂದು ಅಡ್ಡಹೆಸರಿಟ್ಟ ಊರಿನ ಮೇ ತಿಂಗಳಲ್ಲಿ ಮೂರು ನಾಲ್ಕು ಗಂಟೆಗೇ ಬಣ್ಣ ಬಿಡುತ್ತದೆ. ಗಡಿಯಾರ ನೋಡಬೇಡಿ, ಬಟ್ಟಲು ನೋಡಿ. ಮೇಲ್ಪದರ ಕಂದಾಗಿ ಅಡಿಯಲ್ಲಿ ಇನ್ನೂ ಹಸಿರಿದ್ದರೆ ಹದ. ಅಂಗೈಗೆ ಒಂದು ಬೊಟ್ಟು ಇಟ್ಟು ಐದು ನಿಮಿಷಕ್ಕೆ ಒರೆಸಿ. ಕಿತ್ತಳೆ ಕಲೆ ನಿಂತರೆ ತಲೆಗೆ ಹಚ್ಚಬಹುದು. ಆ ಸೆಕೆಯಲ್ಲಿ ಬೆಳಗಿನವರೆಗೆ ಬಿಟ್ಟರೆ ಬಣ್ಣದ ಕಸುವು ಬಟ್ಟಲಲ್ಲೇ ಕರಗಿರುತ್ತದೆ.

ಪತ್ರದ ಕೊನೆಯಲ್ಲಿ ಮಹಾಶಯರು ಮೆಲ್ಲನೆ ಇನ್ನೊಂದು ಮಾತು ಸೇರಿಸಿದ್ದಾರೆ: ಮೊಸರು, ಮೊಟ್ಟೆ, ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ಕಲಸಿದ್ದರಂತೆ. ಅಡುಗೆಮನೆ ಪಂಥದ ಜೊತೆ ನನ್ನ ಜಗಳ ಕಾಯಂ ಓದುಗರಿಗೆ ಬೇಸರ ಬರುವಷ್ಟು ಹಳೆಯದು. ಲಾಸೋನ್ ಹುಡುಕುವುದು ಪ್ರೋಟೀನನ್ನು. ಕೂದಲೂ ಪ್ರೋಟೀನೇ, ಮೊಟ್ಟೆಯೂ ಪ್ರೋಟೀನೇ. ಬಟ್ಟಲಲ್ಲೇ ಮೊಟ್ಟೆ ಸಿಕ್ಕಿದ ಮೇಲೆ ಬಣ್ಣ ತಲೆಯವರೆಗೆ ಯಾಕೆ ಬಂದೀತು? ಎಣ್ಣೆ ಸವರಿದ ಕೂದಲಿಗೆ ಬಣ್ಣ ಹತ್ತುವುದಿಲ್ಲ. ಬೀಟ್‌ರೂಟ್ ರಸ ತೊಳೆದೊಡನೆ ಮೋರಿ ಸೇರುತ್ತದೆ. ಬೇಕಾದ್ದು ಬಟ್ಟೆಯಲ್ಲಿ ಶೋಧಿಸಿದ ಎಲೆಪುಡಿ, ನೀರು, ಒಂದಿಷ್ಟು ನಿಂಬೆಹುಳಿ. ಮುಗಿಯಿತು.

ಆದರೆ ಚಹಾ ಡಿಕಾಕ್ಷನ್, ನೆಲ್ಲಿಪುಡಿ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಕಲಸಿಡುವ ಅಜ್ಜಿಯರನ್ನು ನಾನು ಬೈಯಲಾರೆ. ಆ ಬಾಣಲೆಯ ವಂಶಾವಳಿ ದೊಡ್ಡದು.

ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯನ್ನು ಜನ ಜ್ಯೋತಿಷಕ್ಕಾಗಿ ತೆರೆಯುತ್ತಾರೆ. ನಾನು ತೆರೆಯುವುದು ಗಂಧಯುಕ್ತಿಯ ಅಧ್ಯಾಯಕ್ಕಾಗಿ. ಸುಗಂಧಗಳ ಆ ಅಧ್ಯಾಯ ಶುರುವಾಗುವುದೇ ಕೂದಲ ಬಣ್ಣದಿಂದ. ತಲೆ ನರೆತವನಿಗೆ ಹೂಮಾಲೆ, ಧೂಪ, ಉಡುಗೆ, ಒಡವೆ ಯಾವುದೂ ಒಪ್ಪುವುದಿಲ್ಲ ಎಂದು ಪೀಠಿಕೆ ಹಾಕಿ ನೇರ ವಿಧಾನಕ್ಕೆ ಬರುತ್ತಾನೆ. ಕಬ್ಬಿಣದ ಪಾತ್ರೆಯಲ್ಲಿ ಹಾರಕದ ಅಕ್ಕಿಯನ್ನು ಕಬ್ಬಿಣದ ಪುಡಿಯೊಡನೆ ಹುಳಿನೀರಲ್ಲಿ ಬೇಯಿಸಬೇಕು, ನುಣ್ಣಗೆ ಅರೆಯಬೇಕು, ಹುಳಿ ಸವರಿದ ಕೂದಲಿಗೆ ಮೆತ್ತಿ, ಹಸಿ ಎಲೆ ಸುತ್ತಿಕೊಂಡು ಎರಡು ಜಾವ ಕೂರಬೇಕು. ಅದನ್ನು ತೆಗೆದು ನೆಲ್ಲಿಕಾಯಿ ಲೇಪ, ಮತ್ತೆ ಎಲೆ, ಮತ್ತೆರಡು ಜಾವ. ತೊಳೆದರೆ ಕಪ್ಪು. ಒಟ್ಟು 12 ಗಂಟೆ. ಕೊನೆಗೆ ಕಬ್ಬಿಣ, ಹುಳಿಯ ನಾತ ಹೋಗಲು ಸುಗಂಧ ತೈಲದ ಸ್ನಾನ; ಆಮೇಲೆ ಅರಸ ಅಂತಃಪುರದ ಕಡೆ ಹೊರಡಬಹುದು. ತನ್ನ ಸರಕು ನಾರುತ್ತದೆ ಎಂದು ಒಪ್ಪಿಕೊಂಡ ಪೊಟ್ಟಣವನ್ನು ನಾನಿನ್ನೂ ಕಂಡಿಲ್ಲ.

ಈ ರಸಾಯನವನ್ನು ನಮ್ಮ ಓದುಗರು ಕಣ್ಣಾರೆ ನೋಡಬಹುದು. ಬಂದರ್ ರಸ್ತೆ ಹಿಡಿದು ಸುಮಾರು 70 ಕಿಲೋಮೀಟರ್ ಹೋದರೆ ಮಚಲೀಪಟ್ಟಣ, ಅದರ ಹತ್ತಿರವೇ ಕಲಂಕಾರಿಯ ಪೆಡನ. ಅಲ್ಲಿ ಬಟ್ಟೆಯನ್ನು ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸುತ್ತಾರೆ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ದಿನಗಟ್ಟಲೆ ಕೊಳೆಸಿದ ದ್ರಾವಣವನ್ನು ಮರದ ಅಚ್ಚಿನಿಂದ ಅದರ ಮೇಲೆ ಒತ್ತುತ್ತಾರೆ. ಒತ್ತಿದಲ್ಲೆಲ್ಲ ಕಪ್ಪು. ಅಳಲೆಯ ಒಗರು, ನೆಲ್ಲಿಯ ಒಗರು, ಚಹಾದ ಒಗರು ಎಲ್ಲ ಟ್ಯಾನಿನ್ ಬಳಗದವೇ. ಕಬ್ಬಿಣ ಸಿಕ್ಕರೆ ಕಪ್ಪಾಗುತ್ತವೆ. ಬಾಣಲೆಯ ಮದರಂಗಿ ಕಂದಿಗೆ ಇಳಿಯುವುದು ಇದರಿಂದಲೇ. ಬಾಣಲೆ ಬಿಡುವ ಕಬ್ಬಿಣ ಅಲ್ಪ, ಹಾಗಾಗಿ ಕಂದು ಅಷ್ಟೇ, ಕಪ್ಪಲ್ಲ. ನನ್ನ ಕಣ್ಣಿಗೆ ಆ ಕಂದೇ ಚೆಂದ, ನರೆತ ಮುಖಕ್ಕೆ ಹೊಂದುತ್ತದೆ.

ಹೆಣ್ಣಿನ ತಂದೆಗೆ ಕಪ್ಪೇ ಬೇಕೆಂದರೆ ದಾರಿ ನೀಲಿಗಿಡದ ಎಲೆಪುಡಿ, ಅಂಗಡಿಯವರ ಬಾಯಲ್ಲಿ ಇಂಡಿಗೋ ಪೌಡರ್. ಮದರಂಗಿ ತೊಳೆದ ತಲೆಗೆ ಎರಡನೆಯ ಲೇಪವಾಗಿ ಹಚ್ಚಬೇಕು. ಕಿತ್ತಳೆಯ ಮೇಲೆ ನೀಲಿ ಕೂತರೆ ಕಣ್ಣಿಗೆ ಕಪ್ಪು. ಇದರ ಸ್ವಭಾವ ಮದರಂಗಿಗೆ ತದ್ವಿರುದ್ಧ: ಹುಳಿ ಆಗದು, ಕಾಯಿಸುವುದೂ ಆಗದು. ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಕಾಲು ಗಂಟೆ. ಹಸಿರು ಹಿಟ್ಟಿನ ಮೇಲೆ ನೀಲಿ ಕೆನೆ ಕಟ್ಟಿದೊಡನೆ ಹಚ್ಚಿ, ಒಂದೂವರೆ ಗಂಟೆ ಬಿಟ್ಟು ಬರಿಯ ನೀರಲ್ಲಿ ತೊಳೆಯಿರಿ. ಎರಡು ದಿನ ಶಾಂಪೂ ಮುಟ್ಟಬೇಡಿ. ಮೊದಲು ಹಸಿರು ಹೊಡೆದರೂ ಗಾಳಿಗೆ ಕಪ್ಪೇರುತ್ತದೆ. ಆದ್ದರಿಂದ ಸಮಾರಂಭಕ್ಕೆ ಮೂರು ದಿನ ಮೊದಲೇ ಮುಗಿಸಿಬಿಡಿ.

ಇನ್ನು ಅರ್ಧ ಗಂಟೆಯ ಕಪ್ಪು ಮೆಹೆಂದಿ. ಮದರಂಗಿ ಎಲೆಗೆ ಆ ಶಕ್ತಿ ಇಲ್ಲ. ಅಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಪ್ಯಾರಾ ಫಿನೈಲೀನ್ ಡೈಅಮೀನ್, ಅಂದರೆ ಪಿಪಿಡಿ. ಎಲೆಯ ಹೆಸರು ಮಾರಾಟಕ್ಕೆ ಮಾತ್ರ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನೇ ವರ್ಷದ ಅಲರ್ಜಿಕಾರಕ ಎಂದು ಆರಿಸಿತ್ತು. ಒಗ್ಗದವರಿಗೆ ನೆತ್ತಿ ಗುಳ್ಳೆಯೇಳುತ್ತದೆ, ಕಣ್ಣುರೆಪ್ಪೆ ಊದಿಕೊಳ್ಳುತ್ತದೆ. ನಿಶ್ಚಿತಾರ್ಥದ ಫೋಟೋಗೆ ಅದಕ್ಕಿಂತ ಕ್ಯಾರೆಟ್ಟೇ ವಾಸಿ.

ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ. ಮದರಂಗಿಗೆ ಲಾಸೋನಿಯಾ ಇನರ್ಮಿಸ್, ನೀಲಿಗೆ ಇಂಡಿಗೋಫೆರಾ ಟಿಂಕ್ಟೋರಿಯಾ, ಇಷ್ಟೇ ಇರಬೇಕು. ಬೇರೇನಿದ್ದರೂ ಅಲ್ಲೇ ಇಟ್ಟು ಬನ್ನಿ. ಶುದ್ಧ ಎಲೆಯೇ ಆದರೂ ಹೊಸದಾಗಿ ಹಚ್ಚುವವರು ಕಿವಿಯ ಹಿಂದೆ ಒಂದಿಷ್ಟು ಹಚ್ಚಿ, 48 ಗಂಟೆ ನೋಡಿ, ಆಮೇಲೆ ತಲೆಗೆ ಕೈಹಾಕಿ.